ಗಂಗೆಯ ಕಡೆಗೆ ಒಂದು ಗೆರೆ

ಯೀಸ್ಟಿನ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ಸಿಟ್ಟು ಬರುತ್ತದೆ. ‘ಬ್ರೆಡ್ಡು ಉಬ್ಬಿಸೋ ಪುಡಿ ತಾನೇ?’ ಎಂದು ಕೇಳುವ ನೆಂಟರಿಗೆ ನಾನು ಎರಡನೇ ಸಲ ಕಾಫಿ ಕೊಡುವುದಿಲ್ಲ. ಬರಿಗಣ್ಣಿಗೆ ಕಾಣದ ಆ ಒಂಟಿ ಜೀವಕೋಶಕ್ಕೆ ಊಟದ ವಿಷಯದಲ್ಲಿ ಇರುವ ಶಿಸ್ತು ನಮ್ಮ ಮನೆಯಲ್ಲಿ ಒಬ್ಬರಿಗೂ ಇಲ್ಲ.

ಅದರ ಮೈಸುತ್ತ ಒಂದು ತೆಳ್ಳನೆಯ ಪೊರೆ ಇದೆ. ಆಹಾರ ಒಳಗೆ ಬರಬೇಕಾದರೆ ಆ ಪೊರೆಯಲ್ಲಿ ಕೂತ ಪ್ರೋಟೀನಿನ ಬಾಗಿಲುಗಳ ಮೂಲಕವೇ ಬರಬೇಕು. ಅಮೋನಿಯಾದಂಥ ಒಳ್ಳೆಯ ಆಹಾರ ಹೊರಗೆ ಧಾರಾಳವಾಗಿದ್ದರೆ ಯೀಸ್ಟು ಬೇಡದ ಬಾಗಿಲುಗಳನ್ನು ಕಿತ್ತು ಒಳಗೆಳೆದುಕೊಂಡು ಅರಗಿಸಿಬಿಡುತ್ತದೆ. ಒಳ್ಳೆಯದು ಮುಗಿದು ಪ್ರೋಲೀನ್ ಎಂಬ ಬಡ ಅಮೈನೋ ಆಮ್ಲವಷ್ಟೇ ಉಳಿದಾಗ ಹೊಸ ಬಾಗಿಲು ಮಾಡಿ ಪೊರೆಗೆ ಕೂರಿಸಿಕೊಳ್ಳುತ್ತದೆ. ಯಾವ ಬಾಗಿಲು ಇರಬೇಕು, ಯಾವುದು ಹೋಗಬೇಕು ಎಂದು ಅಪ್ಪಣೆ ಕೊಡುವುದಕ್ಕೆ ಬೇರೆಯೇ ಜೀನುಗಳಿವೆ. ಅವುಗಳ ಬೆನ್ನು ಹತ್ತಿ ನನ್ನ ತಲೆ ನರೆಯಿತು. ಇಂದಿಗೂ ಬೇಸರ ಬಂದಿಲ್ಲ.

ನಾನು ತುಮಕೂರು ಕಡೆಯವಳು. ಎರಡು ವರ್ಷ ಇದ್ದು ಹೋದರಾಯಿತು ಎಂದುಕೊಂಡು ಕಾಶಿಯ ಒಂದು ಪ್ರಯೋಗಾಲಯಕ್ಕೆ ಬಂದವಳು ಇಲ್ಲೇ ಬೇರುಬಿಟ್ಟೆ. ಕನ್ನಡವನ್ನು ಫೋನಿನಲ್ಲಿ ಅಕ್ಕನ ಜೊತೆಗೆ, ಮತ್ತು ಸಿಟ್ಟು ಬಂದಾಗ ನನ್ನ ಜೊತೆಗೇ ಆಡುತ್ತಿದ್ದೆ. ಮುಂದೆ ನನ್ನ ವಿದ್ಯಾರ್ಥಿನಿಯಾದ ಹುಡುಗಿಯೊಬ್ಬಳು ಪಿಎಚ್.ಡಿ. ಸಂದರ್ಶನಕ್ಕೆ ಬಂದ ದಿನವೂ ಹಾಗೇ ಆಯಿತು. ಪೊರೆಯ ಬಗ್ಗೆ ಒಂದು ಸುಲಭದ ಪ್ರಶ್ನೆ ಕೇಳಿದೆ. ಅವಳು ಸುಮ್ಮನೆ ಕೂತಿದ್ದಳು. ‘ಇಷ್ಟೂ ಗೊತ್ತಿಲ್ವಾ ಇದಕ್ಕೆ’ ಎಂದು ಕನ್ನಡದಲ್ಲಿ ಗೊಣಗಿದೆ. ಅವಳು ತಲೆ ತಗ್ಗಿಸಿಕೊಂಡೇ, ‘ಗೊತ್ತದ ಮೇಡಂ. ಇಂಗ್ಲಿಷ್‌ನ್ಯಾಗ ಬಾಯಿಗೆ ಬರವಲ್ದು’ ಎಂದಳು. ಪಕ್ಕದಲ್ಲಿದ್ದ ಇಬ್ಬರು ಪ್ರೊಫೆಸರರು ನಮ್ಮಿಬ್ಬರ ಮುಖ ನೋಡಿದರು. ನಾನು ನೀರು ಕುಡಿದೆ. ಆಮೇಲೆ ಹಿಂದಿಯಲ್ಲಿ ಹೇಳು ಎಂದಾಗ ಅವಳು ಕೊಟ್ಟ ಉತ್ತರ ನನ್ನ ಪಾಠಕ್ಕಿಂತ ಚೆನ್ನಾಗಿತ್ತು.

ಹನುಮಾನ್ ಘಾಟಿನ ಗಲ್ಲಿಯಲ್ಲಿ ಅವರ ಮನೆ. ಮುತ್ತಜ್ಜನ ಕಾಲಕ್ಕೆ ವಿಜಯಪುರದ ಕಡೆಯಿಂದ ಬಂದವರು. ಅಪ್ಪ ಪುರೋಹಿತರು, ಎಲ್ಲರ ಬಾಯಲ್ಲೂ ಆಚಾರ್ಯರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ತೀರ್ಥಶ್ರಾದ್ಧ ಎಲ್ಲವನ್ನೂ ಮಾಡಿಸಿ, ಮನೆಯಲ್ಲೇ ಊಟಕ್ಕೂ ಹಾಕುತ್ತಾರೆ. ಹುಡುಗಿ ಗೆಳತಿಯರೊಡನೆ ಹಿಂದಿಯಲ್ಲಿ ಮಾತಾಡಿ, ಹಿಂದಿಯಲ್ಲೇ ಜಗಳಾಡಿ, ಕನ್ನಡವನ್ನು ಅಪ್ಪನಿಗೂ ಅಡುಗೆಮನೆಗೂ ಇಟ್ಟುಕೊಂಡವಳು. ನನಗೆ ಸಿಕ್ಕಿದ್ದೂ ಆ ಅಡುಗೆಮನೆಯ ಕನ್ನಡವೇ.

ಅವಳಿಗೆ ಕೊಟ್ಟ ಯೀಸ್ಟು ತಾಡಿಯದು. ಊರಾಚೆಯ ತಾಳೆಮರಗಳಿಂದ ಇಳಿಸಿದ ಹೆಂಡದಲ್ಲಿ ಇದ್ದ ಯೀಸ್ಟನ್ನು ತಂದು ನಾವು ಸಾಕಿಕೊಂಡಿದ್ದೆವು. ಆಚಾರ್ಯರ ಮಗಳಿಗೆ ಹೆಂಡದ ಕೆಲಸ ಕೊಟ್ಟೆನಲ್ಲ ಎಂದು ಒಳಗೊಳಗೇ ಅಳುಕಿತ್ತು. ‘ಮನೇಲಿ ಏನಂತ ಹೇಳ್ದೆ?’ ಎಂದು ಕೇಳಿದೆ. ‘ಖರೇನs ಹೇಳೀನಿ ಮೇಡಂ. ಅಪ್ಪ, ಸಂಜೀಕ ಬಂದ್ ಮ್ಯಾಲೆ ಸ್ನಾನಾ ಮಾಡು, ಬಸ್, ಅಂದ್ರು’ ಎಂದಳು.

ಅವಳ ಕೆಲಸ ಹೀಗಿತ್ತು. ಪ್ರಯೋಗಾಲಯಗಳಲ್ಲಿ ಎಲ್ಲರೂ ಬೆಳೆಸುವ ಮಾಮೂಲಿ ಯೀಸ್ಟಿನಲ್ಲಿ, ಬಡ ಆಹಾರದ ಬಾಗಿಲುಗಳನ್ನು ಪೊರೆಯಲ್ಲಿ ಹಿಡಿದಿಡುವ ಜೀನು ಯಾವುದೆಂದು ಗೊತ್ತಿದೆ. ಅದನ್ನು ಮುರಿದರೆ ಬಾಗಿಲುಗಳು ನಿಲ್ಲುವುದಿಲ್ಲ, ಯೀಸ್ಟು ಪ್ರೋಲೀನಿನ ನಡುವೆಯೇ ಹಸಿದು ಕೂರುತ್ತದೆ. ನಮ್ಮ ತಾಡಿಯ ಯೀಸ್ಟಿನಲ್ಲಿ ಅದೇ ಜೀನನ್ನು ಮುರಿದರೂ ಬಾಗಿಲುಗಳು ಅಲ್ಲಾಡಲಿಲ್ಲ. ಅಂದರೆ ಅಪ್ಪಣೆ ಕೊಡುವವರು ಬೇರೆ ಯಾರೋ ಇದ್ದಾರೆ. ಅವರನ್ನು ಹಿಡಿಯಲು ಇರುವ ದಾರಿ ಒಂದೇ: ನೇರಳಾತೀತ ದೀಪದ ಬೆಳಕು ತಾಗಿಸಿ ಕಂಡಕಂಡ ಜೀನುಗಳನ್ನು ಕೆಡಿಸುವುದು, ಬದುಕಿ ಉಳಿದ ಸಾವಿರಾರು ಯೀಸ್ಟುಗಳಲ್ಲಿ ಬಡ ಆಹಾರ ತಿನ್ನಲಾಗದ ಒಂದನ್ನು ಹುಡುಕುವುದು. ಅದೊಂದು ಸಿಕ್ಕರೆ ಅವಳಿಗೆ ಥೀಸಿಸ್. ಸಿಗದಿದ್ದರೆ ಇಲ್ಲ.

ಹುಡುಕುವ ವಿಧಾನ ನನಗೆ ಬಹಳ ಇಷ್ಟ. ಒಂದು ಗಾಜಿನ ತಟ್ಟೆಯಲ್ಲಿ, ನಾವು ಪ್ಲೇಟು ಎನ್ನುತ್ತೇವೆ, ಒಳ್ಳೆಯ ಆಹಾರದ ಮೇಲೆ ಯೀಸ್ಟುಗಳನ್ನು ಸಾಲಾಗಿ ಚುಕ್ಕಿ ಇಟ್ಟು ಬೆಳೆಸಬೇಕು. ಇದು ಮೂಲ ಪ್ಲೇಟು. ಮರದ ದುಂಡು ಕೊರಡಿಗೆ ಮಖಮಲ್ಲು ಬಟ್ಟೆ ಕಟ್ಟಿ, ಮೂಲ ಪ್ಲೇಟನ್ನು ಅದರ ಮೇಲೆ ಮೆತ್ತಗೆ ಒತ್ತಬೇಕು. ಚುಕ್ಕಿಗಳ ಅಚ್ಚು ಬಟ್ಟೆಯ ಮೇಲೆ ಕೂರುತ್ತದೆ. ಬಡ ಆಹಾರದ ಹೊಸ ಪ್ಲೇಟನ್ನು ಅದೇ ಬಟ್ಟೆಗೆ ಒತ್ತಿದರೆ ಎಲ್ಲ ಯೀಸ್ಟುಗಳೂ ಸ್ವಲ್ಪ ಸ್ವಲ್ಪ ಅಂಟಿಕೊಳ್ಳುತ್ತವೆ. ಹೊಸ ಪ್ಲೇಟಿನಲ್ಲಿ ಯಾವ ಚುಕ್ಕಿ ಬೆಳೆಯದೆ ಖಾಲಿ ಉಳಿಯಿತೋ, ಮೂಲ ಪ್ಲೇಟಿನಲ್ಲಿ ಆ ಜಾಗದಲ್ಲಿರುವುದೇ ನಮಗೆ ಬೇಕಾದ್ದು. ಯಾವ ತುದಿ ಯಾವ ತುದಿಗೆ ಎಂದು ತಿಳಿಯಲು ಪ್ರತಿ ಪ್ಲೇಟಿನ ಅಂಚಿಗೂ ಒಂದು ಗೆರೆ ಹಾಕಿರುತ್ತೇವೆ. ಮಖಮಲ್ಲನ್ನು ಅವಳು ದಶಾಶ್ವಮೇಧದ ಹತ್ತಿರದ ಅಂಗಡಿಯಿಂದ ತರುತ್ತಿದ್ದಳು. ಅಂಗಡಿಯವನು ಪ್ರತಿ ಸಲವೂ ‘ಠಾಕುರ್‌ಜೀ ಕೇ ಪೋಷಾಕ್ ಕೇ ಲಿಯೇ?’ ಎಂದು ಕೇಳುತ್ತಿದ್ದನಂತೆ. ದೇವರ ಉಡುಪಿಗೇ ಎಂದು ಇವಳೂ ಹೂಂಗುಟ್ಟಿ ಒಳ್ಳೆಯ ಬಟ್ಟೆ ತರುತ್ತಿದ್ದಳು.

ಚುಕ್ಕಿ ಇಡುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಬಾಗಿಲ ಮುಂದೆ ದಿನಾ ರಂಗೋಲಿ ಇಟ್ಟ ಕೈ. ಹಲ್ಲುಕಡ್ಡಿಯ ತುದಿಯಲ್ಲಿ ಅವಳು ಇಟ್ಟ ಸಾಲುಗಳು ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮ, ಒಂದು ಚುಕ್ಕಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇರೆ ವಿದ್ಯಾರ್ಥಿಗಳನ್ನು ಕರೆದು ತೋರಿಸಿ, ‘ಕೆಲಸ ಅಂದರೆ ಹೀಗಿರಬೇಕು’ ಎಂದು ಅವರ ಹೊಟ್ಟೆ ಉರಿಸುತ್ತಿದ್ದೆ. ಒತ್ತುವುದು ನಾಲ್ಕು ಕೈಯ ಕೆಲಸ. ಮೂಲ ಪ್ಲೇಟನ್ನು ಅವಳು ಒತ್ತಿ ತೆಗೆದ ಕೂಡಲೇ ಹೊಸ ಪ್ಲೇಟುಗಳನ್ನು ನಾನು ಒತ್ತುತ್ತಿದ್ದೆ. ಮೊದಲ ದಿನದಿಂದಲೂ ಹಾಗೇ ನಡೆದುಬಂದಿತ್ತು. ಇಬ್ಬರೂ ಬಾಯಿ ಬಿಡದೆ ಮಾಡುತ್ತಿದ್ದ ಕೆಲಸ ಅದು.

ಕೊನೆಯ ವರ್ಷದ ಮಳೆಗಾಲದಲ್ಲಿ ನಮ್ಮ ಕೋಣೆಯ ಸೂರು ಸೋರತೊಡಗಿತು. ಮೇಜಿನ ಮೇಲೆಯೇ ತೊಟ್ಟಿಕ್ಕುತ್ತಿದ್ದರಿಂದ ಪಕ್ಕದ ಕೋಣೆಗೆ ಹೋದೆವು. ಅಲ್ಲಿ ಮೇಜು ಬೇರೆ ಗೋಡೆಗಿತ್ತು, ಅಷ್ಟೇ ವ್ಯತ್ಯಾಸ. ಆ ಕೋಣೆಗೆ ಹೋದ ಮೊದಲ ವಾರದಲ್ಲೇ ಅದೃಷ್ಟ ತೆರೆಯಿತು. ಪ್ರೋಲೀನಿನ ಪ್ಲೇಟಿನಲ್ಲಿ ಒಂದು ಜಾಗ ಖಾಲಿ. ಇನ್ನೊಂದು ಬಡ ಆಹಾರದ ಪ್ಲೇಟಿನಲ್ಲೂ ಅದೇ ಜಾಗ ಖಾಲಿ. ಒಂದೇ ಆಹಾರ ಒಗ್ಗದಿದ್ದರೆ ಅದು ಜೀರ್ಣದ ದೋಷವಿರಬಹುದು. ಎರಡೂ ಒಗ್ಗಲಿಲ್ಲವೆಂದರೆ ಬಾಗಿಲಿನ ಅಪ್ಪಣೆಯೇ ತಪ್ಪಿರಬೇಕು. ಅವಳು ಪ್ಲೇಟನ್ನು ಬೆಳಕಿಗೆ ಹಿಡಿದು ನಿಂತಿದ್ದಳು.

ಎರಡೂ ಪ್ಲೇಟುಗಳ ಗೆರೆಗೆ ಗೆರೆ ಸರಿಯಾಗಿಟ್ಟು, ಮೂಲ ಪ್ಲೇಟಿನಲ್ಲಿ ಆ ಜಾಗದ ಚುಕ್ಕಿಯನ್ನು ಆರಿಸಿ, ಪ್ರೋಲೀನಿನ ಮೇಲೆ ಹಾಕಿದಳು. ಚೆನ್ನಾಗಿ ಬೆಳೆಯಿತು. ಇನ್ನೊಮ್ಮೆ ಆರಿಸಿ ಹಾಕಿದಳು. ಮತ್ತೆ ಬೆಳೆಯಿತು. ಉಂಡು ತೇಗುವ ಮಾಮೂಲಿ ಯೀಸ್ಟು. ಅಷ್ಟರಲ್ಲಿ ಶ್ರಾವಣದ ತೇವಕ್ಕೆ ಮೂಲ ಪ್ಲೇಟಿನ ಅಂಚಿನಲ್ಲಿ ಬೂಷ್ಟು ಹತ್ತಿತು. ಬೂಷ್ಟು ಹತ್ತಿದ ಪ್ಲೇಟನ್ನು ಮತ್ತೆ ಬಟ್ಟೆಗೆ ಒತ್ತುವ ಹಾಗಿಲ್ಲ, ಒತ್ತಿದರೆ ಎಲ್ಲ ಕಡೆಗೂ ಹರಡುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಅದು ನಿಧಾನವಾಗಿ ಒಳಕ್ಕೆ ಹರಿದು ಬರುತ್ತಿತ್ತು. ಆ ತಿಂಗಳ ಕೊನೆಗೆ ಅವಳ ಫೆಲೋಶಿಪ್ ಮುಗಿಯುವುದರಲ್ಲಿತ್ತು. ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಾಳೆಂದು ನನಗೆ ಬೇರೆಯವರಿಂದ ಗೊತ್ತಾಯಿತು. ನನಗೆ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು.

‘ಬಟ್ಟೆ ಅಲ್ಲಿ ಸರಿಯಾಗಿ ತಾಗಿಲ್ಲ, ಅದಕ್ಕೇ ಖಾಲಿ. ಬಿಟ್ಟುಬಿಡು ಅದನ್ನ’ ಎಂದೆ.

‘ಎರಡೂ ಪ್ಲೇಟಿನ್ಯಾಗ ಒಂದs ಕಡೆ ಹೆಂಗ ತಾಗಂಗಿಲ್ಲ ಮೇಡಂ? ಅದು ಅದ. ಎಲ್ಲೋ ಅದ’ ಎಂದಳು.

ಆ ಹಟಕ್ಕೆ ನಾನು ಅಂದು ಗದರಿದೆ. ಒಳಗೆ ಮೆಚ್ಚಿದ್ದೆ, ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ.

ಆ ಶನಿವಾರ ಅವರ ಮನೆಗೆ ಊಟಕ್ಕೆ ಕರೆದಿದ್ದರು. ಕಾಶಿಯವರ ಶ್ರಾವಣ, ಅವರು ಸಾವನ್ ಎನ್ನುವುದು, ಅರ್ಧ ಮುಗಿದಾಗ ಇವರ ಪಂಚಾಂಗದ ಶ್ರಾವಣ ಶುರುವಾಗುತ್ತದೆ. ಹೊರಗೆ ಗಂಗಾಜಲದ ಕಾವಡಿ ಹೊತ್ತವರ ಗದ್ದಲ ಇಳಿಯುತ್ತಿದ್ದರೆ ಒಳಗೆ ಶ್ರಾವಣ ಶನಿವಾರದ ಹೋಳಿಗೆಯ ಘಮ. ಬಾಗಲಕೋಟೆ ಕಡೆಯ ಯಾತ್ರಿಕರು ಪಡಸಾಲೆಯ ತುಂಬ ಕೂತಿದ್ದರು. ಜಾಗವಿಲ್ಲದೆ ನನಗೆ ಒಳಗಿನ ಕಂಬದ ಪಕ್ಕದಲ್ಲಿ ಒಂದು ಮಣೆ, ಒಂದು ಪತ್ರಾವಳಿ ಹಾಕಿದ್ದರು. ಇನ್ನೇನು ಕೂರಬೇಕು, ಆಚಾರ್ಯರು ಅಲ್ಲಿಂದಲೇ ಕಂಡು ಮಗಳಿಗೆ ಹೇಳಿದರು, ‘ಪುಟ್ಟೀ, ಮೇಡಂ ಅವರನ್ನ ದಕ್ಷಿಣಕ್ಕ ಮುಖಾ ಮಾಡಿ ಕೂಡಸಬ್ಯಾಡ.’

ಅವಳು ಓಡಿಬಂದು ಮಣೆಯನ್ನೂ ಎಲೆಯನ್ನೂ ಕಾಲು ಸುತ್ತು ತಿರುಗಿಸಿದಳು. ಈಗ ನನ್ನ ಮೂಗಿನ ನೇರಕ್ಕೆ ಕಂಬ.

‘ಕಂಬ ನೋಡ್ಕೊಂಡು ಊಟ ಮಾಡ್ಬೇಕೇನೇ ನಾನು?’ ಎಂದೆ.

‘ಕಂಬದ ಆಚೀಕ ಗಂಗಾ ಅದಾಳ ಮೇಡಂ. ಪೂರ್ವಕ್ಕ ಮುಖಾ ಆತು. ಎಲ್ಲಾನೂ ಆ ಕಡೇನs ಇಡೂದು...’

ಮಾತು ಅಲ್ಲಿಗೇ ನಿಂತಿತು. ಅವಳ ಕೈ ಮಣೆಯ ಮೇಲೆಯೇ ಇತ್ತು. ತಿರುಗಿಸಿದ ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು.

‘ಮೇಡಂ, ನೀವು ಪ್ಲೇಟು ಒತ್ತುವಾಗ ಗೆರಿ ಯಾವ ಕಡೆ ಇಡ್ತೀರಿ?’ ಎಂದು ಮೆಲ್ಲಗೆ ಕೇಳಿದಳು.

‘ಎಲ್ಲರೂ ಇಡೋ ಹಾಗೆ. ನನ್ನ ಎದುರಿಗೆ, ಗೋಡೆ ಕಡೆಗೆ.’

‘ನಾ ಪೂರ್ವಕ್ಕ ಇಡ್ತೀನಿ’ ಎಂದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹಳೆಯ ಕೋಣೆಯಲ್ಲಿ ಮೇಜು ಪೂರ್ವದ ಗೋಡೆಗಿತ್ತು. ನನ್ನ ಎದುರು ಮತ್ತು ಅವಳ ಪೂರ್ವ ಎರಡೂ ಒಂದೇ. ಅಷ್ಟು ವರ್ಷ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ತಿಳಿಯಲೇ ಇಲ್ಲ. ಹೊಸ ಕೋಣೆಯ ಮೇಜು ಉತ್ತರಕ್ಕೆ. ಅಲ್ಲಿ ಅವಳು ಮೂಲ ಪ್ಲೇಟಿನ ಗೆರೆಯನ್ನು ಬಲಗಡೆಗೆ, ಗಂಗೆಯ ಕಡೆಗೆ ಇಟ್ಟು ಒತ್ತಿದ್ದಾಳೆ. ನಾನು ಹೊಸ ಪ್ಲೇಟುಗಳ ಗೆರೆಯನ್ನು ಎದುರಿನ ಗೋಡೆಗೆ ಇಟ್ಟು ಒತ್ತಿದ್ದೇನೆ. ಕಾಲು ಸುತ್ತಿನ ವ್ಯತ್ಯಾಸ. ಅವಳ ಸಾಲುಗಳು ಅಷ್ಟು ಸಮನಾಗಿರದಿದ್ದರೆ ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಆ ಅಂದದ ಚೌಕವನ್ನು ಯಾವ ಕಡೆಗೆ ತಿರುಗಿಸಿದರೂ ಒಂದೇ ಚೌಕ.

ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಕಾಶಿಯ ಘಾಟಿನಲ್ಲಿ ಹುಟ್ಟಿದವರಿಗೆ ಅಲ್ಲ. ಇಲ್ಲಿ ಮೆಟ್ಟಿಲು ಇಳಿಯುವುದು ಪೂರ್ವಕ್ಕೆ, ಮುಳುಗು ಹಾಕುವುದು ಪೂರ್ವಕ್ಕೆ, ಸೂರ್ಯ ಬರುವುದು ನದಿಯಾಚೆಯಿಂದ. ಅವಳ ಅಪ್ಪ ದಿನವಿಡೀ ಊರೂರಿನ ಜನರನ್ನು ಹೆಗಲು ಹಿಡಿದು ಆ ಕಡೆಗೆ ತಿರುಗಿಸಿ ಕೂರಿಸುತ್ತಾರೆ. ಅವಳಿಗೆ ಎಡಬಲಕ್ಕಿಂತ ಮೊದಲೇ ದಿಕ್ಕು ಗೊತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಗಂಗೆ ಎಲ್ಲಿದ್ದಾಳೆಂದು ಕೈ ತೋರಿಸುತ್ತಾಳೆ. ಇಪ್ಪತ್ತು ವರ್ಷ ಈ ಊರಿನಲ್ಲಿದ್ದೂ ನನಗೆ ಎದುರು ಅಂದರೆ ಗೋಡೆ.

‘ನಡಿ, ಹೋಗೋಣ’ ಎಂದು ಎದ್ದೇಬಿಟ್ಟೆ.

‘ಹೆಂಗ ಹೋಗೂದು ಮೇಡಂ? ಮಂದಿ ಕೂತಾರ. ಬಡಿಸಬೇಕು’ ಎಂದಳು.

ನಾನು ಕಂಬ ನೋಡುತ್ತ ಕೂತೆ. ಅವಳು ಸೆರಗು ಸಿಕ್ಕಿಸಿಕೊಂಡು ಕೋಸಂಬರಿಯಿಂದ ಹಿಡಿದು ಮಜ್ಜಿಗೆಯವರೆಗೆ ಸಾಲಿನಲ್ಲಿ ಎಲ್ಲರಿಗೂ ಬಡಿಸಿದಳು. ಒಬ್ಬ ಅಜ್ಜಿಗೆ ಬೇಡವೆಂದರೂ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಅವಳ ಥೀಸಿಸ್ಸು ಊರಿನ ಆ ತುದಿಯಲ್ಲಿ ಬೂಷ್ಟು ಹಿಡಿಯುತ್ತಿತ್ತು. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ನಾನಾಗಿದ್ದರೆ ಸಾರಿನ ಪಾತ್ರೆಯನ್ನು ಯಾರದೋ ತೊಡೆಯ ಮೇಲೆ ಬೀಳಿಸಿರುತ್ತಿದ್ದೆ. ಅವಳನ್ನು ಅಷ್ಟು ವರ್ಷ ನೋಡಿದ್ದೆ, ಅಂದು ಮಾತ್ರ ನಿಜವಾಗಿ ಕಂಡಂತಾಯಿತು.

ಎಲೆಗಳು ಎದ್ದ ಮೇಲೆ ಅಪ್ಪನ ಕಿವಿಯಲ್ಲಿ ಏನೋ ಹೇಳಿ, ತಾನು ಊಟ ಮಾಡದೆಯೇ ಹೊರಟಳು. ಗಲ್ಲಿ ದಾಟಿ ಶಿವಾಲದ ರಸ್ತೆಗೆ ಬಂದು ಟೋಟೋ ಎಂಬ ಬ್ಯಾಟರಿ ರಿಕ್ಷಾ ಹಿಡಿದೆವು.

ಫ್ರಿಜ್ಜಿನಿಂದ ಮೂಲ ಪ್ಲೇಟನ್ನು ತೆಗೆದೆವು. ಬೂದು ಬಣ್ಣದ ಹತ್ತಿಯ ಹಾಗೆ ಬೂಷ್ಟು ಒಂದು ಬದಿಯ ಸಾಲುಗಳನ್ನು ನುಂಗಿತ್ತು. ಅವಳು ಪ್ರೋಲೀನಿನ ಪ್ಲೇಟನ್ನು ಪಕ್ಕದಲ್ಲಿಟ್ಟು ಕಾಲು ಸುತ್ತು ತಿರುಗಿಸಿದಳು. ಖಾಲಿ ಜಾಗಕ್ಕೆ ಸರಿಯಾಗಿ ಕೂರುವ ಚುಕ್ಕಿ ಈಗ ಬೇರೆ. ಬೂಷ್ಟಿನ ಅಂಚಿಗೇ ತಾಗಿಕೊಂಡಿತ್ತು, ಅರ್ಧ ಮುಚ್ಚಿಯೂ ಹೋಗಿತ್ತು.

‘ಕೈ ತಾಗಿಸಬೇಡ, ಉಸಿರು ಬಿಡಬೇಡ’ ಎಂದು ನಾನು ಬೇಡದ ಉಪದೇಶ ಕೊಟ್ಟೆ. ಅವಳು ದೀಪದ ಪಕ್ಕ ಬಗ್ಗಿ, ಹಲ್ಲುಕಡ್ಡಿಯನ್ನು ಬೂಷ್ಟಿಲ್ಲದ ಬದಿಯಿಂದ ತಂದು, ಚುಕ್ಕಿಯ ಅಂಚನ್ನು ಮುಟ್ಟಿ, ಹೊಸ ಪ್ಲೇಟಿನ ಮೇಲೆ ತೆಳ್ಳಗೆ ಎಳೆದಳು. ಬಾಗಿಲ ಮುಂದೆ ರಂಗೋಲಿಯ ಎಳೆ ಎಳೆಯುವ ಅದೇ ಕೈ. ಆಮೇಲೆ ಕಡ್ಡಿಯನ್ನು ಎಸೆದು ಸ್ಟೂಲಿನ ಮೇಲೆ ಕೂತು, ‘ಹಸಿವಿ ಆಗೇದ ಮೇಡಂ’ ಎಂದಳು. ನನ್ನ ಡ್ರಾಯರಿನಲ್ಲಿದ್ದ ಬಿಸ್ಕತ್ತು ಕೊಟ್ಟೆ. ಒಂದೂ ಉಳಿಸಲಿಲ್ಲ.

ಎಳೆದ ಗೆರೆಯ ಒಂದು ತುದಿಯಲ್ಲಿ ಬೂಷ್ಟು ಬಂತು, ಇನ್ನೊಂದು ತುದಿಯಲ್ಲಿ ಶುದ್ಧವಾದ ಯೀಸ್ಟು ಬೆಳೆಯಿತು. ಅದನ್ನು ತೆಗೆದು ಅವಳು ಬೇರೆ ಬೇರೆ ಪ್ಲೇಟುಗಳಿಗೆ ಹಾಕಿದಳು. ಪಕ್ಕದಲ್ಲೇ ಹೋಲಿಕೆಗೆ ಜೀನು ಕೆಡದ ಮಾಮೂಲಿ ತಾಡಿಯ ಯೀಸ್ಟು. ಫಲಿತಾಂಶ ಬರುವ ಬೆಳಗ್ಗೆ ನಾನು ಬೇಗ ಬಂದಿದ್ದೆ, ಅವಳು ನನಗಿಂತ ಬೇಗ ಬಂದಿದ್ದಳು. ಬಾಗಿಲು ತೆರೆದ ಕೂಡಲೇ ಅವಳು ಪ್ಲೇಟನ್ನು ನನ್ನ ಕೈಗಿಟ್ಟಳು. ಪ್ರೋಲೀನಿನ ಮೇಲೆ ಮಾಮೂಲಿ ಯೀಸ್ಟು ಕೆನೆಯಂತೆ ಬೆಳೆದಿತ್ತು. ಅದರ ಪಕ್ಕದ ಅರ್ಧದಲ್ಲಿ ಏನೇನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ನೋಡಿ ನನಗೆ ಆದಷ್ಟು ಸಂತೋಷ ಬದುಕಿನಲ್ಲಿ ಯಾವ ಬೆಳೆದದ್ದನ್ನು ನೋಡಿಯೂ ಆಗಿಲ್ಲ. ‘ಶಭಾಷ್ ಕಣೇ’ ಎಂದೆ. ಅವಳು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಇನ್ನೊಂದು ಪ್ಲೇಟಿನಲ್ಲಿ ವಿಷವಿತ್ತು. ನೋಡಲು ಆಹಾರದ ಹಾಗೆಯೇ ಇದ್ದು, ಆ ಬಾಗಿಲುಗಳಿಂದಲೇ ಒಳಗೆ ಹೋಗಿ ಕೊಲ್ಲುವಂಥದ್ದು. ಅಲ್ಲಿ ಮಾಮೂಲಿ ಯೀಸ್ಟೆಲ್ಲ ಸತ್ತಿತ್ತು, ಇದೊಂದೇ ಬದುಕಿತ್ತು. ಬಾಗಿಲು ಇಲ್ಲದ್ದರಿಂದ ಇಲ್ಲಿ ಉಪವಾಸ, ಬಾಗಿಲು ಇಲ್ಲದ್ದರಿಂದಲೇ ಅಲ್ಲಿ ಜೀವ. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಎರಡೂ ಪ್ಲೇಟುಗಳನ್ನು ಹಿಡಿದುಕೊಂಡು ಹೋಗಿ ನಾನು ವಿಭಾಗದಲ್ಲಿ ಒಂದಿಷ್ಟು ಜೋರು ಮಾಡಿದೆ. ಅವಳ ಥೀಸಿಸ್ಸಿಗೆ ಬೇಕಾದಷ್ಟು ಅವಧಿ ಸಿಕ್ಕಿತು. ಶಾಲೆಯ ಕೆಲಸದ ಕರೆ ಬಂದಾಗ ಅವಳು ಹೋಗಲಿಲ್ಲ.

ಆ ವಾರ ಆಚಾರ್ಯರು ಮೊದಲ ಸಲ ನಮ್ಮ ಪ್ರಯೋಗಾಲಯಕ್ಕೆ ಬಂದರು. ಅಂದು ಮಗಳು ಉಣ್ಣದೆ ಓಡಿದ್ದು ಯಾತಕ್ಕೆ ಎಂದು ನೋಡಬೇಕಿತ್ತಂತೆ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದರು. ಮಗಳು ಪ್ರೋಲೀನಿನ ಪ್ಲೇಟನ್ನು ಅವರ ಮುಂದೆ ಇಟ್ಟಳು. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

‘ಈ ಬದಿಗೆ ಏನೂ ಕಾಣವಲ್ದಲ್ಲ’ ಎಂದರು.

‘ಅದs ಅಪ್ಪಾ ನಾ ಹುಡುಕಿದ್ದು. ಸುತ್ತೆಲ್ಲ ಊಟ ಅದ. ಒಳಗ ತೊಗೊಳ್ಳಿಕ್ಕೆ ಅದಕ್ಕ ಬಾಗಲಾ ಇಲ್ಲ. ಇಷ್ಟು ವರ್ಷ ಅದನ್ನs ಹುಡುಕಲಿಕ್ಕತ್ತಿದ್ದೆ.’

ಅವರು ಮತ್ತೆ ಬಗ್ಗಿ ಆ ಖಾಲಿ ಜಾಗವನ್ನೇ ನೋಡಿದರು. ಎಲ್ಲೆಲ್ಲಿಂದಲೋ ಬಂದವರಿಗೂ ಅವರ ಮನೆಯ ಸತ್ತ ಹಿರಿಯರಿಗೂ ಊಟ ಹಾಕಿ ಬದುಕಿದ ಮನೆತನದವರು. ಕೊನೆಗೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, ‘ಹಂಗs ಉಪಾಸ ಇಡಬ್ಯಾಡ್ರಿ ಮೇಡಂ ಅದನ್ನ’ ಎಂದರು.

ಮಗಳು ಫ್ರಿಜ್ಜಿನ ಬಳಿ ಹೋಗಿ ಮೂರನೆಯ ಪ್ಲೇಟು ತಂದಳು. ಅದರಲ್ಲಿದ್ದ ಆಹಾರ ಯೂರಿಯಾ, ಬಾಗಿಲಿನ ಹಂಗಿಲ್ಲದೆ ಪೊರೆಯ ಒಳಕ್ಕೆ ಇಳಿಯುವಂಥದ್ದು. ಆ ಹಸಿದ ಯೀಸ್ಟು ಅಲ್ಲಿ ದಪ್ಪಗೆ, ಬೆಳ್ಳಗೆ, ಪ್ಲೇಟಿನ ತುಂಬ ಬೆಳೆದಿತ್ತು. ಗೆರೆ ಗಂಗೆಯ ಕಡೆಗೆ ಬರುವಂತೆ ಅದನ್ನು ಅಪ್ಪನ ಮುಂದೆ ಇಟ್ಟು ಹೇಳಿದಳು, ‘ಅದಕ್ಕ ಬ್ಯಾರೆ ಎಲಿ ಹಾಕೀನಿ ಅಪ್ಪಾ.’